ಬಲಗೈಗೆ ಬಾಯಿಪಾಠವಾಗಿದ್ದ ದೋಣಿ

ಹೊಳೆಯ ದಡದಲ್ಲಿ ಒಂದು ಊರಿತ್ತು. ಅದಕ್ಕೆ ಹೆಸರಿತ್ತೋ ಇಲ್ಲವೋ, ನನಗೆ ಕಥೆ ಹೇಳಿದವರು ಹೇಳಲಿಲ್ಲ. ಆದರೆ ಆ ಊರಿನ ನಿಯಮವನ್ನು ಮಾತ್ರ ಮೂರು ಸಲ ಹೇಳಿದರು. ವರ್ಷಕ್ಕೊಮ್ಮೆ ನಾಲ್ಕನೇ ಕ್ಲಾಸಿನ ಮಕ್ಕಳು ಒಂದು ವಸ್ತುವಿನ ಮೇಲೆ ಪ್ರಬಂಧ ಬರೆಯಬೇಕು. ಊರಿನವನೊಬ್ಬ ಅವುಗಳಲ್ಲಿ ಒಂದನ್ನು ಆರಿಸಿ ಕಟ್ಟೆಯ ಮೇಲೆ ನಿಂತು ಜೋರಾಗಿ ಓದಬೇಕು. ಓದಿದ ಗಳಿಗೆಯಿಂದ ಊರಿನವರೆಲ್ಲ ಆ ವಸ್ತುವಿನ ಜೊತೆ ಪ್ರಬಂಧದಲ್ಲಿ ಇದ್ದ ಹಾಗೆಯೇ ನಡೆದುಕೊಳ್ಳಬೇಕು. ಬರೆದದ್ದಷ್ಟೂ ಆಗಬೇಕು, ಬರೆಯದ್ದು ಯಾವುದೂ ಆಗಬಾರದು.

ಹಿಂದೊಂದು ಕಾಲದಲ್ಲಿ ಆ ಊರಿನ ಹಿರಿಯರು ಪ್ರತಿಯೊಂದಕ್ಕೂ ಜಗಳ ಕಾಯುತ್ತಿದ್ದರಂತೆ. ಒರಳನ್ನು ಎಲ್ಲಿಡಬೇಕು, ಏಣಿಯನ್ನು ಯಾರು ಹಿಡಿಯಬೇಕು, ಎಲ್ಲಕ್ಕೂ ಜಗಳ. ಕೊನೆಗೆ ಸುಸ್ತಾಗಿ, ಮಕ್ಕಳ ಮನಸ್ಸಿನಲ್ಲಿ ಕಪಟವಿಲ್ಲ, ಅವರು ಬರೆದದ್ದೇ ಸರಿ ಎಂದು ತೀರ್ಮಾನಿಸಿದರು. ತೀರ್ಮಾನವೇನೋ ಚೆನ್ನಾಗಿಯೇ ಇತ್ತು. ಆದರೆ ಮಕ್ಕಳು ಬರೆಯುತ್ತಿರಲಿಲ್ಲ, ನಕಲು ಮಾಡುತ್ತಿದ್ದರು. ಶಾಲೆಯ ಬೀರುವಿನಲ್ಲಿ ಕೆಂಪು ರಟ್ಟಿನ ಒಂದು ಪುಸ್ತಕವಿತ್ತು. ಭೂಮಿಯ ಮೇಲಿನ ಸಕಲ ವಸ್ತುಗಳ ಪ್ರಬಂಧಗಳೂ ಅದರಲ್ಲಿದ್ದವು. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ, ಹೀಗೆ ಮೂರು ಭಾಗ. ಮಕ್ಕಳ ಅಪ್ಪಂದಿರೂ ಅದನ್ನೇ ಬರೆದಿದ್ದರು, ಅಪ್ಪಂದಿರ ಅಪ್ಪಂದಿರೂ ಅದನ್ನೇ ಬರೆದಿದ್ದರು. ಇದು ಎಲ್ಲರಿಗೂ ಗೊತ್ತಿತ್ತು, ಆದ್ದರಿಂದ ಯಾರೂ ಬಾಯಿ ಬಿಡುತ್ತಿರಲಿಲ್ಲ.

ಹೀಗಾಗಿ ಆ ಊರಿನಲ್ಲಿ ಮಳೆ ಬಂದರೆ ಜನ ನೆನೆಯುತ್ತಿದ್ದರು. ಕೊಡೆಗಳಿರಲಿಲ್ಲವೆಂದಲ್ಲ. 'ಕೊಡೆಯು ಒಂದು ಉಪಯುಕ್ತ ವಸ್ತು. ಕೊಡೆಯಿಂದ ನಮಗೆ ಅನೇಕ ಉಪಯೋಗಗಳಿವೆ. ಆದ್ದರಿಂದ ನಾವೆಲ್ಲರೂ ಕೊಡೆಯನ್ನು ರಕ್ಷಿಸೋಣ' ಎಂದು ಮಕ್ಕಳು ಬರೆದಿದ್ದರು. ಬಿಚ್ಚಬೇಕೆಂದಾಗಲಿ, ತಲೆಯ ಮೇಲೆ ಹಿಡಿಯಬೇಕೆಂದಾಗಲಿ ಎಲ್ಲೂ ಇರಲಿಲ್ಲ. ಕೊಡೆಗಳನ್ನೆಲ್ಲ ಗೋಣಿಚೀಲದಲ್ಲಿ ಸುತ್ತಿ ಊರ ಉಗ್ರಾಣದಲ್ಲಿಟ್ಟು ಬೀಗ ಹಾಕಿದರು. ಇನ್ನೊಂದು ವರ್ಷ ಕುರ್ಚಿಯ ಸರದಿ. ಕುರ್ಚಿಗೆ ನಾಲ್ಕು ಕಾಲುಗಳಿವೆ ಎಂದು ಬರೆದವರು ಅದರ ಮೇಲೆ ಕೂರಬಹುದೆಂದು ಬರೆಯಲಿಲ್ಲ. ಅಂದಿನಿಂದ ಊರಿನ ಯಜಮಾನರು ಕುರ್ಚಿಯ ಪಕ್ಕದಲ್ಲಿ ನಿಂತುಕೊಂಡು ಅದರ ಕಾಲೆಣಿಸಿ, ಸರಿಯಾಗಿ ನಾಲ್ಕಿವೆ ಎಂದು ಸಮಾಧಾನಪಟ್ಟು, ನೆಲದ ಮೇಲೆ ಕೂರುತ್ತಿದ್ದರು. ಮಾವು ಹಣ್ಣುಗಳ ರಾಜ ಎಂದು ಬರೆದ ವರ್ಷವಂತೂ ಒಂದು ಮಾವಿನಹಣ್ಣನ್ನು ಆ ಖಾಲಿ ಕುರ್ಚಿಯ ಮೇಲೆ ಕೂರಿಸಿ, ಅದು ಕೊಳೆತು ಹುಳ ಬೀಳುವವರೆಗೆ ಅದರ ಅಪ್ಪಣೆಗಾಗಿ ಕಾದಿದ್ದರು.

ಇದರಿಂದ ಸುಖವಾಗಿದ್ದವನು ಒಬ್ಬನೇ, ಉಗ್ರಾಣದವನು. ಹೆಚ್ಚಿನ ಪ್ರಬಂಧಗಳ ಕೊನೆಯಲ್ಲಿ 'ರಕ್ಷಿಸೋಣ' ಇರುತ್ತಿತ್ತು. ರಕ್ಷಿಸುವುದೆಂದರೆ ಉಗ್ರಾಣಕ್ಕೆ ತರುವುದು. ವರ್ಷದಿಂದ ವರ್ಷಕ್ಕೆ ಅವನ ಉಗ್ರಾಣ ತುಂಬುತ್ತಿತ್ತು, ಊರು ಖಾಲಿಯಾಗುತ್ತಿತ್ತು. ಒಳ್ಳೆಯ ಮನುಷ್ಯ ಅವನು, ಧೂಳು ಒರೆಸುವುದರಲ್ಲಿ ಅವನ ಸಮಾನರಿಲ್ಲ.

ಆ ವರ್ಷ ಹಳೆಯ ಮೇಷ್ಟ್ರು ಹೋಗಿ ಹೊಸ ಮೇಷ್ಟ್ರು ಬಂದರು. ಜಡಿಮಳೆಯಲ್ಲಿ ದೋಣಿಯಿಂದ ಇಳಿದವರೇ ಕೊಡೆ ಬಿಚ್ಚಿದರು. ದಡದಲ್ಲಿ ನೆನೆಯುತ್ತ ನಿಂತಿದ್ದ ಜನರೆಲ್ಲ ಕಣ್ಣು ಕಣ್ಣು ಬಿಟ್ಟರು, ಒಬ್ಬ ಮುದುಕಿ ಮುಖ ತಿರುಗಿಸಿಕೊಂಡಳು. ಉಗ್ರಾಣದವನು ಬಂದು, ಬಹಳ ವಿನಯದಿಂದ ಕೊಡೆಯನ್ನು ಮಡಿಸಿ, ತನ್ನ ಅಂಗಿಯಿಂದಲೇ ಒರೆಸಿ ತೆಗೆದುಕೊಂಡು ಹೋದ. ಮೇಷ್ಟ್ರು ನೆನೆಯುತ್ತಲೇ ಶಾಲೆಗೆ ನಡೆದರು. ಕೆಂಪು ರಟ್ಟಿನ ಪುಸ್ತಕವನ್ನು ಅಂದೇ ಪೂರ್ತಿ ಓದಿ ಮುಗಿಸಿದರು. ಅರ್ಧ ಓದುವಾಗ ನಕ್ಕರು, ಉಳಿದರ್ಧ ಓದುವಾಗ ನಗು ನಿಂತಿತ್ತು.

ಮಾರನೆಯ ದಿನ, ಆ ವರ್ಷ ಯಾವ ವಸ್ತುವಿನ ಮೇಲೆ ಬರೆಯಬೇಕೆಂದು ತಾಮ್ರದ ಹಂಡೆಯಿಂದ ಚೀಟಿ ಎತ್ತುವ ಶಾಸ್ತ್ರ ನಡೆಯಿತು. ಎತ್ತುವವನು ಓದುವಾತ. ಪ್ರಬಂಧ ಆರಿಸುವವನೂ ಅವನೇ, ಕಟ್ಟೆಯ ಮೇಲೆ ಓದುವವನೂ ಅವನೇ. ನಿಯಮವೆಂದರೆ ನಿಯಮ ಎನ್ನುವ ಒಣಕಲು ಮುದುಕ. ಚೀಟಿ ಬಿಚ್ಚಿ 'ದೋಣಿ' ಎಂದ. ಉಗ್ರಾಣದವನು ಸೊಂಟದಿಂದ ಹುರಿ ತೆಗೆದುಕೊಂಡು ದೋಣಿಯ ಅಳತೆ ತೆಗೆಯಲು ಹೊಳೆಯ ಕಡೆ ಹೊರಟೇಬಿಟ್ಟ.

ಊರಿಗಿದ್ದದ್ದು ಒಂದೇ ದೋಣಿ. ದೋಣಿಯವನಿಗೆ ನಾಲ್ಕನೇ ಕ್ಲಾಸಿನಲ್ಲಿ ಓದುವ ಒಬ್ಬ ಮಗಳಿದ್ದಳು. ಅವಳ ಅವ್ವ ಹೆರಿಗೆಗೆಂದು ಹೊಳೆಯಾಚೆ ಎರಡು ದಿನದ ಹಾದಿಯ ತವರಿಗೆ ಹೋಗಿದ್ದಳು. ಅಲ್ಲಿಂದ ಬಂದ ದಾರಿಹೋಕನೊಬ್ಬ ಸುದ್ದಿ ತಂದಿದ್ದ. ಮಗು ಹುಟ್ಟಿದೆ, ಮೂರು ತಿಂಗಳು ತುಂಬಿದ ಮೇಲೆ, ಪ್ರಬಂಧ ಓದುವ ದಿನದ ಮಾರನೆಯ ಬೆಳಿಗ್ಗೆ, ಆಚೆ ದಡಕ್ಕೆ ಬಂದು ಕಾಯುತ್ತಿರುತ್ತೇವೆ. ತಮ್ಮನೋ ತಂಗಿಯೋ ಎಂದು ಹುಡುಗಿ ಕೇಳಿದ್ದಕ್ಕೆ, ಅದನ್ನು ಹೇಳಿ ಕಳಿಸಿಲ್ಲ ಎಂದು ಅವನು ತಲೆ ಕೆರೆದುಕೊಂಡಿದ್ದ.

ಓದುವ ದಿನ ದೋಣಿ ಉಗ್ರಾಣ ಸೇರಿದರೆ ಮಾರನೆಯ ದಿನ ಅವ್ವ ಆಚೆಯೇ ಉಳಿಯುತ್ತಾಳೆ, ಮಗುವೂ ಆಚೆಯೇ ಉಳಿಯುತ್ತದೆ. ಹುಡುಗಿಗೆ ಇದು ಚೀಟಿ ಬಿಚ್ಚಿದ ಕ್ಷಣವೇ ಹೊಳೆಯಿತು. ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಎಲ್ಲ ಮಕ್ಕಳ ಪ್ರಬಂಧವೂ ಒಂದೇ ಆಗಿರುತ್ತಿದ್ದುದರಿಂದ ಓದುವಾತ ಅಕ್ಷರ ನೋಡಿ ಆರಿಸುತ್ತಿದ್ದ. ಅವಳ ಅಕ್ಷರ ಮುತ್ತು ಪೋಣಿಸಿದ ಹಾಗೆ. ಊರು ಓದುವುದು ಅವಳ ಪ್ರಬಂಧವನ್ನೇ, ಇದರಲ್ಲಿ ಅನುಮಾನವೇ ಇರಲಿಲ್ಲ.

ಅವಳು ಮೇಷ್ಟ್ರ ಹತ್ತಿರ ಹೋಗಿ ಏನು ಬರೆಯಬೇಕೆಂದು ಕೇಳಿದಳು. ಪ್ರಬಂಧಕ್ಕೆ ಮೇಷ್ಟ್ರು ಒಂದು ಅಕ್ಷರ ಹೇಳಿಕೊಟ್ಟರೂ ಅದು ಕೆಡುತ್ತದೆಂದು ಊರಿನ ಕಟ್ಟಳೆಯಿತ್ತು. ಕೆಂಪು ಪುಸ್ತಕ ಮಾತ್ರ ಹೇಳಿಕೊಡಬಹುದಿತ್ತು, ಅದು ಮನುಷ್ಯನಲ್ಲವಲ್ಲ. ಮೇಷ್ಟ್ರು ಗಡ್ಡ ಕೆರೆದುಕೊಂಡು ಯೋಚಿಸಿದರು. ಹೇಳಿಕೊಡುವಂತಿಲ್ಲ, ಸರಿ. ಬರೆದದ್ದನ್ನು ಮಾಡಿ ತೋರಿಸಬಾರದೆಂದು ಎಲ್ಲಿ ಬರೆದಿದೆ?

ಮಾರನೆಯ ದಿನ ಅವರು ಕ್ಲಾಸಿಗೆ ಮೊಸರಿನ ಗಡಿಗೆ, ಕಡೆಗೋಲು, ಒಂದು ಬಟ್ಟಲು ಉಪ್ಪು ತಂದಿಟ್ಟುಕೊಂಡು ಮಜ್ಜಿಗೆಯ ಬಗ್ಗೆ ಬರೆಯಿರಿ ಎಂದರು. ನೀವು ಬರೆದಷ್ಟನ್ನು ಮಾಡುತ್ತೇನೆ ಎಂದರು.

ಮೊದಲ ಹುಡುಗ 'ಮಜ್ಜಿಗೆಯು ಒಂದು ಆರೋಗ್ಯಕರ ಪಾನೀಯ' ಎಂದು ಬರೆದ. ಮೇಷ್ಟ್ರು ಸುಮ್ಮನೆ ನಿಂತರು. ಬಹಳ ಹೊತ್ತು ನಿಂತರು. ಮಕ್ಕಳು ಮುಖ ಮುಖ ನೋಡಿಕೊಂಡರು.

"ಓದಿದೆನಪ್ಪಾ. ಈಗ ನನ್ನ ಕೈ ಏನು ಮಾಡಬೇಕು?"

ಇನ್ನೊಬ್ಬ 'ಮೊಸರನ್ನು ಕಡೆಯಬೇಕು' ಎಂದು ಬರೆದ. ಮೇಷ್ಟ್ರು ಕಡೆಯತೊಡಗಿದರು. ನೀರು ಹಾಕಬೇಕೆಂದು ಯಾರೂ ಬರೆದಿರಲಿಲ್ಲ, ಅವರೂ ಹಾಕಲಿಲ್ಲ. ನಿಲ್ಲಿಸಬೇಕೆಂದು ಬರೆದಿರಲಿಲ್ಲ, ಅವರೂ ನಿಲ್ಲಿಸಲಿಲ್ಲ. ಊಟದ ಗಂಟೆ ಹೊಡೆಯಿತು, ಅವರು ಕಡೆಯುತ್ತಲೇ ಇದ್ದರು. ಬೆವರು ಸುರಿಯಿತು, ಬೆಣ್ಣೆ ಗಟ್ಟಿಯಾಗಿ ಕಡೆಗೋಲಿಗೆ ಮೆತ್ತಿಕೊಂಡಿತು. ಪಾಪ ಅನ್ನಿಸಿ ಒಬ್ಬಳು 'ನೀರು ಹಾಕಿ ನಿಲ್ಲಿಸಬೇಕು, ಉಪ್ಪು ಹಾಕಬೇಕು, ಕುಡಿಯಬೇಕು' ಎಂದು ಗಡಿಬಿಡಿಯಲ್ಲಿ ಗೀಚಿದಳು. ಮೇಷ್ಟ್ರು ನೀರು ಹಾಕಿ ನಿಲ್ಲಿಸಿ, ಇಡೀ ಬಟ್ಟಲು ಉಪ್ಪು ಸುರಿದು, ಗಡಿಗೆ ಎತ್ತಿ ಗಟಗಟ ಕುಡಿದರು. ಅವರ ಮುಖ ಹೇಗಾಯಿತೆಂದರೆ, ನಗಬಾರದೆಂದು ಬಾಯಿಗೆ ಕೈ ಅಡ್ಡ ಹಿಡಿದ ಮಕ್ಕಳು ಬೆಂಚಿನಿಂದ ಕೆಳಗೆ ಬಿದ್ದರು.

ಮೂರು ದಿನ ಹೀಗೆಯೇ ನಡೆಯಿತು. ಮೂರು ದಿನ ಮೇಷ್ಟ್ರು ಕೆಟ್ಟ ಮಜ್ಜಿಗೆ ಕುಡಿದರು, ಮೂರು ರಾತ್ರಿ ಹೊಟ್ಟೆ ಹಿಡಿದುಕೊಂಡು ಮಲಗಿದರು. ನಾಲ್ಕನೆಯ ದಿನ ಮಕ್ಕಳು ಎಷ್ಟು ಮೊಸರಿಗೆ ಎಷ್ಟು ನೀರು, ಎಷ್ಟು ಚಿಟಿಕೆ ಉಪ್ಪು, ಬೆಣ್ಣೆ ಹೇಗೆ ತೇಲಿದಾಗ ನಿಲ್ಲಿಸಬೇಕು, ಬೆಣ್ಣೆ ಯಾಕೆ ತೇಲುತ್ತದೆ ಎಲ್ಲವನ್ನೂ ಬರೆದರು. ಮಜ್ಜಿಗೆ ಬಹಳ ಚೆನ್ನಾಗಿತ್ತು. ಮೇಷ್ಟ್ರು ಒಂದು ಹನಿಯನ್ನೂ ಕುಡಿಯದೆ ಮಕ್ಕಳಿಗೇ ಹಂಚಿಬಿಟ್ಟರು, ಅವರಿಗೆ ಮಜ್ಜಿಗೆ ಕಂಡರೆ ಆಗದಷ್ಟು ಸಾಕಾಗಿತ್ತು.

ಅಷ್ಟರಲ್ಲಿ ಹುಡುಗಿಗೆ ದಾರಿ ಗೊತ್ತಾಗಿತ್ತು. ಅವಳು ಅಪ್ಪನ ದೋಣಿಯಲ್ಲಿ ಹೋಗಿ ಕೂತಳು. ಹುಟ್ಟಿದಾಗಿನಿಂದ ನೋಡಿದ ದೋಣಿ, ಆದರೆ ಬರೆಯಲು ಹೋದರೆ ಏನೂ ಗೊತ್ತಿಲ್ಲ. ಹತ್ತುವ ಮೊದಲು ಅಪ್ಪ ನೀರಿನಲ್ಲಿ ಬೆರಳು ಯಾಕೆ ಅದ್ದುತ್ತಾನೆ? ದಪ್ಪಗಿದ್ದವರನ್ನು ನಡುವೆ ಯಾಕೆ ಕೂರಿಸುತ್ತಾನೆ? ಎದುರು ದಡದ ಬಂಡೆಗೆ ನೇರವಾಗಿ ಹೋಗದೆ, ಮೇಲಕ್ಕೆ ಹೋಗಿ ಯಾಕೆ ಕೆಳಗೆ ಬರುತ್ತಾನೆ? ಕೇಳಿದರೆ ಅಪ್ಪ ಹುಟ್ಟು ಹಾಕುವುದನ್ನು ನಿಲ್ಲಿಸಿ, ಸುಮ್ಮನೆ ಹಾಗೆ ಮಾಡುತ್ತೇನೆ ಎಂದ. ಅವಳು ಬಿಡಲಿಲ್ಲ. ಅಪ್ಪ ಮೊದಲು ಗದರಿದ, ಆಮೇಲೆ ಯೋಚಿಸಿದ, ಆಮೇಲೆ ತನ್ನ ಕೆಲಸ ಇಷ್ಟೊಂದಿದೆಯೇ ಎಂದು ತನಗೆ ತಾನೇ ಆಶ್ಚರ್ಯಪಟ್ಟ. ಹತ್ತು ದಿನ ಅವಳು ಕೇಳಿದಳು, ಹತ್ತು ದಿನ ಅವನು ಹೇಳಿದ. ಉಗ್ರಾಣದವನು ದಡದಲ್ಲಿ ನಿಂತು ಹುರಿ ಹಿಡಿದು ಎರಡು ಸಲ ಅಳೆದುಕೊಂಡು ಹೋದ, ಬಾಗಿಲು ಸಾಲದೆಂದು ಗೋಡೆ ಒಡೆಸಿದ.

ಬರೆಯುವ ದಿನ ಬಂತು. ಹುಡುಗಿ ಕಾಗದ ಬಿಡಿಸಿ 'ದೋಣಿ' ಎಂದು ಬರೆದದ್ದೇ ತಡ, ಬಲಗೈ ತಾನಾಗಿ 'ಯು ಒಂದು ಉಪಯುಕ್ತ ವಾಹನ' ಎಂದು ಓಡಿಬಿಟ್ಟಿತು. ಕೆಂಪು ಪುಸ್ತಕವನ್ನು ಅದು ಅಷ್ಟು ಸಲ ನಕಲು ಮಾಡಿತ್ತು, ಅವಳಿಗಿಂತ ಚೆನ್ನಾಗಿ ಅದಕ್ಕೇ ಬಾಯಿಪಾಠವಾಗಿತ್ತು. ಅವಳು ಹೊಡೆದು ಹಾಕಿ ಮತ್ತೆ ಶುರು ಮಾಡಿದಳು. ಒಂದೊಂದು ವಾಕ್ಯಕ್ಕೂ ಕೈಯನ್ನು ಮೊಂಡು ಎತ್ತಿನಂತೆ ಎಳೆದು ದಾರಿಗೆ ತರಬೇಕಾಯಿತು. ಹೇಗೋ ವಿವರಣೆ ಮುಗಿಯಿತು. ಉಪಸಂಹಾರಕ್ಕೆ ಬರುವಷ್ಟರಲ್ಲಿ ಅವಳಿಗೆ ಸುಸ್ತಾಗಿತ್ತು, ಕೈಗೆ ಆಗಿರಲಿಲ್ಲ. 'ಆದ್ದರಿಂದ ನಾವೆಲ್ಲರೂ' ಎಂದು ಅದು ಬರೆದೇ ಬಿಟ್ಟಿತು. ಮುಂದಿನ ಪದ ಯಾವುದೆಂದು ಅವಳಿಗೆ ಗೊತ್ತಿತ್ತು. ಎಡಗೈಯಿಂದ ಬಲಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಗಂಟೆ ಹೊಡೆಯುವವರೆಗೆ ಹಾಗೆಯೇ ಕೂತಳು.

ಓದುವಾತನಿಗೆ ಆ ವರ್ಷ ಇಪ್ಪತ್ತೆರಡು ಮಕ್ಕಳಿಂದ ಇಪ್ಪತ್ತೆರಡು ಬೇರೆ ಬೇರೆ ಪ್ರಬಂಧಗಳು ಬಂದವು. ಅವನಿಗೆ ಜ್ವರ ಬಂದ ಹಾಗಾಯಿತು. ಆದರೂ ನಿಯಮ ಬಿಡದೆ ಅಕ್ಷರ ನೋಡಿ ದೋಣಿಯವನ ಮಗಳದ್ದನ್ನೇ ಆರಿಸಿದ, ಕಟ್ಟೆ ಹತ್ತಿ ಓದಿದ.

'ದಿನಾ ಬೆಳಿಗ್ಗೆ ದೋಣಿ ಮೊದಲು ಖಾಲಿಯಾಗಿ ಆಚೆ ದಡಕ್ಕೆ ಹೋಗಬೇಕು. ಅಲ್ಲಿ ಕಾದಿರುವವರನ್ನು ಮೊದಲು ಕರೆತರಬೇಕು, ಏಕೆಂದರೆ ಆಚೆ ದಡದಲ್ಲಿ ನೆರಳಿಲ್ಲ. ಹೊರಡುವ ಮೊದಲು ನೀರಿನಲ್ಲಿ ಬೆರಳು ಅದ್ದಿ ಸೆಳೆತ ನೋಡಬೇಕು. ಸೆಳೆತ ಕೆಳಗೆ ಎಳೆಯುವುದರಿಂದ ದೋಣಿಯನ್ನು ಮೊದಲು ಮೇಲಕ್ಕೆ ನಡೆಸಬೇಕು. ದಪ್ಪಗಿರುವವರು ನಡುವೆ ಕೂರಬೇಕು, ಇದು ದೋಣಿ ವಾಲದಿರಲಿ ಎಂದು, ಯಾರೂ ಬೇಸರ ಮಾಡಿಕೊಳ್ಳಬಾರದು. ದೋಣಿಯಲ್ಲಿ ಕೂತವರು ಎದ್ದು ನಿಲ್ಲಬಾರದು, ನಿಂತರೆ ದೋಣಿ ಮಗುಚುತ್ತದೆ.'

ಜನ ಬಾಯಿ ಬಿಟ್ಟುಕೊಂಡು ಕೇಳಿದರು. ಪ್ರಬಂಧವೊಂದು ಅರ್ಥವಾದದ್ದು ಅವರಿಗೆ ಅದೇ ಮೊದಲು. ಓದುವಾತ ಕೊನೆಗೆ 'ಆದ್ದರಿಂದ ನಾವೆಲ್ಲರೂ' ಎಂದ, ನಿಂತ. ಕಾಗದ ತಿರುಗಿಸಿ ನೋಡಿದ. ಬಿಸಿಲಿಗೆ ಹಿಡಿದು ನೋಡಿದ.

ಉಗ್ರಾಣದವನು ಮುಂದೆ ಬಂದು, ಮುಂದಿನದ್ದು ಎಲ್ಲರಿಗೂ ಗೊತ್ತಿರುವುದೇ, ಹೇಳಿ ಮುಗಿಸಿ ಎಂದ. ಬರೆಯದ್ದನ್ನು ಓದುವಂತಿಲ್ಲ ಎಂದ ಓದುವಾತ. ಹಾಗಾದರೆ ಪ್ರಬಂಧ ನಡೆಯುವುದಿಲ್ಲ ಎಂದ ಉಗ್ರಾಣದವನು. ನಡೆಯುವುದಿಲ್ಲವೆಂದೂ ನಿಯಮದಲ್ಲಿಲ್ಲ, ಮುಗಿದಿಲ್ಲ ಅಷ್ಟೆ, ಮುಗಿಸುವವರೆಗೆ ಬರೆದಷ್ಟು ನಡೆಯುತ್ತದೆ, ಮುಗಿಸುವ ಹಕ್ಕು ಬರೆದವಳದ್ದು ಎಂದು ಓದುವಾತ ಕನ್ನಡಕ ಮಡಿಸಿದ. ಮೇಷ್ಟ್ರು ಜನರ ಹಿಂದೆ ನಿಂತು ಕೆಮ್ಮುವವರ ಹಾಗೆ ನಕ್ಕರು.

ಮಾರನೆಯ ಬೆಳಿಗ್ಗೆ ಇಡೀ ಊರು ದಡಕ್ಕೆ ಬಂತು. ಬರೆದದ್ದು ಬರೆದ ಹಾಗೆ ಆಗುತ್ತದೋ ಇಲ್ಲವೋ ನೋಡಬೇಕಲ್ಲ. ದೋಣಿ ಖಾಲಿಯಾಗಿ ಹೊರಟಿತು. ಅಪ್ಪ ಬೆರಳು ಅದ್ದಿದ, ಮೇಲಕ್ಕೆ ನಡೆಸಿದ. ಆಚೆಯ ಬಂಡೆಯ ಹತ್ತಿರ ಕೆಂಪು ಸೀರೆಯೊಂದು ಕಂಡಿತು, ಸೀರೆಯ ಮಡಿಲಲ್ಲಿ ಬಿಳಿ ಬಟ್ಟೆಯ ಗಂಟು ಕಂಡಿತು. ಹುಡುಗಿ ತುದಿಗಾಲಿನಲ್ಲಿ ನಿಂತಳು. ಅವ್ವ ಹತ್ತಿ ನಡುವೆ ಕೂತಳು, ಬೇಸರ ಮಾಡಿಕೊಳ್ಳಲಿಲ್ಲ. ದೋಣಿ ತಿರುಗಿ ಬಂತು, ದಡದಂಚಿನ ನೀರಡಿಯ ಮರಳಿಗೆ ಮೆಲ್ಲಗೆ ತಾಗಿ ನಿಂತಿತು. ಅವ್ವ ಏಳಲು ಹೋದಳು.

"ಕೂತ್ಕೋ ತಾಯಿ," ಎಂದ ಉಗ್ರಾಣದವನು. "ಎದ್ದು ನಿಲ್ಲಬಾರದು ಅಂತ ಬರೆದಿದೆ. ಇಳೀಬೇಕು ಅಂತ ಬರೆದಿಲ್ಲ."

ಅವ್ವ ಕೂತಳು. ಅಪ್ಪನೂ ಹುಟ್ಟು ಹಿಡಿದು ಕೂತೇ ಇದ್ದ. ಅವರೂ ಅದೇ ಊರಿನವರಲ್ಲವೇ. ಜನ ಓದುವಾತನ ಕಡೆ ನೋಡಿದರು, ಓದುವಾತ ಕಾಗದದ ಕಡೆ ನೋಡಿ ಇಲ್ಲವೆಂದು ತಲೆಯಾಡಿಸಿದ. ಹುಡುಗಿಗೂ ಅವ್ವನಿಗೂ ನಡುವೆ ಒಂದು ಮಾರು ನೀರಿತ್ತು. ಬಿಸಿಲು ಏರಿತು. ಬಿಳಿ ಗಂಟಿನೊಳಗಿಂದ ಮಗು ಅಳತೊಡಗಿತು, ಅವಳು ಮೊದಲ ಸಲ ಕೇಳಿದ ಅದರ ದನಿ ಅದು. ಎಲ್ಲ ಬರೆದಿದ್ದಳು, ಹತ್ತು ದಿನ ಕೇಳಿ ಕೇಳಿ ಬರೆದಿದ್ದಳು, ಇದೊಂದು ಬಿಟ್ಟುಹೋಗಿತ್ತು. ದೋಣಿ ದಡ ಮುಟ್ಟಿದರೆ ಇಳಿಯಬೇಕೆಂದು ಹೇಳಬೇಕೆಂದು ಯಾರಿಗಾದರೂ ಹೊಳೆಯುತ್ತದೆಯೇ? ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು, ಕಣ್ಣು ತುಂಬಿತು.

ಉಗ್ರಾಣದವನು ಅವಳ ಪಕ್ಕ ಬಂದು ಕೂತು ಕಾಗದ, ಪೆನ್ನು ಎರಡನ್ನೂ ಅವಳ ಮುಂದಿಟ್ಟ. ಅವನ ದನಿಯಲ್ಲಿ ನಿಜವಾಗಿಯೂ ಕನಿಕರವಿತ್ತು.

"ದೋಣಿಯನ್ನು ರಕ್ಷಿಸೋಣ, ಅಷ್ಟು ಬರಿ ಮಗಳೇ. ದೋಣಿನ ಅವರ ಸಮೇತ ಹೊತ್ಕೊಂಡು ಹೋಗಿ ಉಗ್ರಾಣದಲ್ಲಿ ಇಡ್ತೀನಿ. ಒಳಗೆ ತಂಪಾಗಿದೆ, ಬಿಸಿಲು ತಾಗಲ್ಲ. ದಿನಾ ಧೂಳು ಒರೆಸ್ತೀನಿ."

ಬಲಗೈ ಆಗಲೇ ಪೆನ್ನು ಹಿಡಿದಾಗಿತ್ತು. ಹುಡುಗಿ ಮೇಷ್ಟ್ರ ಕಡೆ ನೋಡಿದಳು. ಮೇಷ್ಟ್ರು ಒಂದು ಅಕ್ಷರವನ್ನೂ ಹೇಳುವಂತಿರಲಿಲ್ಲ. ಅವರ ಮುಖ ಉಪ್ಪಿನ ಮಜ್ಜಿಗೆ ಕುಡಿದ ದಿನಕ್ಕಿಂತ ಕೆಟ್ಟದಾಗಿತ್ತು.

"ನಾನು ಕೇಳೋದು ಒಂದೇ ಮಗು," ಎಂದರು. "ಇದನ್ನ ಓದಿ ನಮ್ಮ ಕೈ ಏನು ಮಾಡಬೇಕು?"

ಅವಳು ಪೆನ್ನನ್ನು ಎಡಗೈಗೆ ಬದಲಾಯಿಸಿಕೊಂಡಳು. ಎಡಗೈ ಕೆಂಪು ಪುಸ್ತಕವನ್ನು ಒಂದು ಸಲವೂ ನಕಲು ಮಾಡಿರಲಿಲ್ಲ, ಅದಕ್ಕೆ ಏನೂ ಬಾಯಿಪಾಠವಿರಲಿಲ್ಲ, ಸರಿಯಾಗಿ ಬರೆಯಲೂ ಬರುತ್ತಿರಲಿಲ್ಲ. ಒಂದೊಂದು ಅಕ್ಷರವೂ ಒಂದೊಂದು ಕಡೆ ವಾಲಿತು. ನಾಲಿಗೆ ಕಚ್ಚಿಕೊಂಡು, ಬೆವರು ಒರೆಸಿಕೊಂಡು, ಅವಳು ಎಷ್ಟೋ ಹೊತ್ತು ಬರೆದಳು. ಆ ಊರಿನ ಇತಿಹಾಸದಲ್ಲೇ ಅಷ್ಟು ಕೆಟ್ಟ ಅಕ್ಷರವನ್ನು ಯಾರೂ ಕಂಡಿರಲಿಲ್ಲ.

ಓದುವಾತ ಕಾಗದವನ್ನು ಮೂಗಿಗೆ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದಿದ.

'ಆದ್ದರಿಂದ ನಾವೆಲ್ಲರೂ ದೋಣಿ ದಡ ಮುಟ್ಟಿದ ಮೇಲೆ ಒಳಗಿರುವವರನ್ನು ಕೈ ಹಿಡಿದು ಇಳಿಸಿಕೊಳ್ಳೋಣ. ಎಲ್ಲರಿಗಿಂತ ಮೊದಲು ಮಗುವನ್ನು ಅದರ ಅಕ್ಕನ ಕೈಗೆ ಕೊಡೋಣ.'

'ನಾವೆಲ್ಲರೂ' ಎಂದಿತ್ತು, ಆದ್ದರಿಂದ ಎಲ್ಲರೂ ನೀರಿಗಿಳಿದರು. ಯಜಮಾನರು ಪಂಚೆ ಎತ್ತಿ ಕಟ್ಟಿಕೊಂಡು ಇಳಿದರು, ಮುದುಕಿಯರು ಇಳಿದರು, ಓದುವಾತ ಕನ್ನಡಕ ಜೇಬಿಗೆ ಹಾಕಿಕೊಂಡು ಇಳಿದ. ಉಗ್ರಾಣದವನೂ ಇಳಿಯಲೇಬೇಕಾಯಿತು. ಬಿಳಿ ಗಂಟು ಕೈಯಿಂದ ಕೈಗೆ ದಾಟಿ, ಕೊನೆಗೆ ಅವನ ಕೈಗೇ ಬಂತು. ಅವನು ಅದನ್ನು ತೂಕ ನೋಡುವವನಂತೆ ಒಂದು ಗಳಿಗೆ ಹಿಡಿದುಕೊಂಡ. ಆಮೇಲೆ ಹುಡುಗಿಗೆ ಕೊಟ್ಟ, ಬರೆದಿತ್ತಲ್ಲ. ಅವಳು ಬಟ್ಟೆ ಸರಿಸಿ ನೋಡಿದಳು. ತಂಗಿ.

ಅಷ್ಟೂ ಜನರ ಕೈಗಳು ಅವ್ವನನ್ನೂ ಅಪ್ಪನನ್ನೂ ಇಳಿಸಿಕೊಂಡವು. ಮೇಷ್ಟ್ರು ಮೊಣಕಾಲುದ್ದದ ನೀರಿನಲ್ಲಿ ನಿಂತು ಮೀಸೆಯ ಕೆಳಗೆ ನಗು ಬಚ್ಚಿಟ್ಟುಕೊಂಡು ತಕರಾರು ತೆಗೆದರು. ಮೊದಲ ವಾಕ್ಯ ಸರಿ, ಆದರೆ ವಿಷಯ ದೋಣಿ, ಎರಡನೆಯ ವಾಕ್ಯದಲ್ಲಿ ಮಗು ಯಾಕೆ ಬಂತು, ಪ್ರಬಂಧ ದಾರಿ ತಪ್ಪಿತಲ್ಲವೇ ಎಂದರು.

"ದೋಣಿ ಯಾಕೆ ಇರೋದು ಅಂತ ಬರೀಬೇಕಲ್ವಾ ಮೇಷ್ಟ್ರೇ?" ಎಂದಳು ಹುಡುಗಿ.

ಮಗು ಹಸಿವಿನಿಂದ ಬಾಯಿ ಚಪ್ಪರಿಸಿತು. ಅವ್ವ ಒದ್ದೆ ಸೆರಗು ಹಿಂಡಿಕೊಂಡು ಹತ್ತಿರ ಬಂದು, ಹಾಲು ಕುಡಿಸಬೇಕು, ಇತ್ತ ಕೊಡೆ ಎಂದಳು. ಹುಡುಗಿ ತಂಗಿಯನ್ನು ಎದೆಗೆ ಇನ್ನಷ್ಟು ಒತ್ತಿಕೊಂಡು, ಊರಿನವರೆಲ್ಲ ಕೇಳುವ ಹಾಗೆ, ಅಕ್ಕನ ಕೈಯಿಂದ ವಾಪಸ್ ತಗೋಬೇಕು ಅಂತ ಎಲ್ಲೂ ಬರೆದಿಲ್ಲವಲ್ಲ ಎಂದಳು.